ಎಂಬತ್ತೈದು ಡಿಗ್ರಿ

ಚೊಂಚಿ ಬಂದರಿನ ಹಿಂದೆ ನಮ್ಮ ಸಹಕಾರ ಸಂಘದ ಶೆಡ್ಡು.
ಸೌದೆ ಒಲೆಯ ಮೇಲೆ ಕೆಟಲು, ಮೇಜಿನ ಮೇಲೆ
ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಬೋರ್ಡು.
ಅದಕ್ಕೆ ಎರಡು ಕಿಲೋಬೈಟು ನೆನಪು,
ನನಗೆ ನಲವತ್ತಾರು ವರ್ಷದ್ದು.
ಇಬ್ಬರೂ ಸೇರಿ ಕಡಲಿನ ಜ್ವರ ನೋಡಬೇಕು.

ಎರಡು ಚಿಪ್ಪು ನನ್ನ ಸಂಸಾರದಲ್ಲಿ:
ಒಂದು ಮರಳಿನಿಂದ ಬಂದದ್ದು, ಬೋಯೆಯೊಳಗೆ;
ಇನ್ನೊಂದು ಸುಣ್ಣದ್ದು, ಹಗ್ಗಕ್ಕೆ ಕಚ್ಚಿಕೊಂಡು ಬೆಳೆಯುವಂಥದ್ದು.
ನೀರು ಬಿಸಿಯಾದರೆ ಸುಣ್ಣದ್ದಕ್ಕೆ ಮೊದಲು ಗೊತ್ತು.
ನಮಗೆ ಗೊತ್ತಾಗುವುದು ಅದು ಬಾಯಿ ಬಿಟ್ಟ ಮೇಲೆ.

ಲೈಬ್ರರಿ ಮೂರು ಸಿಕ್ಕವು, ಮೂರೂ ಪುಕ್ಕಟೆ.
ಮೊದಲನೆಯದು ಮದುವೆಮನೆ.
ಮೂರು ಸಾಲು ಬರೆದು ಕೂತರೆ ಸಾಕು, ಎಲ್ಲ ಬಡಿಸುತ್ತದೆ;
ಬರುವಾಗ ಅಡುಗೆಮನೆಯನ್ನೇ ಹೊತ್ತು ತರುತ್ತದೆ.
ಎರಡರಲ್ಲಿ ಒಂದೂವರೆ ಕಿಲೋಬೈಟು ಅದರ ಪಾತ್ರೆಪಗಡಕ್ಕೇ.
ಸೆನ್ಸರು ಅಳೆಯುವ ಮುಕ್ಕಾಲು ಸೆಕೆಂಡೂ
ದೀಪ ಆರಿಸದೆ ಕೈಕಟ್ಟಿ ನಿಂತಿರುತ್ತದೆ.
ಹನ್ನೊಂದನೇ ದಿನ ಬ್ಯಾಟರಿ ತೀರಿಕೊಂಡಿತು.

ಎರಡನೆಯದು ಜಿಪುಣಿ.
ಒಂದು ಬೈಟೂ ದಂಡವಿಲ್ಲ. ‘ನೀನು ಮಲಗು,
ಅಳೆದಾದ ಮೇಲೆ ಎಬ್ಬಿಸುತ್ತೇನೆ’ ಎನ್ನುತ್ತದೆ ಚಿಪ್ಪಿಗೆ.
ಟಿಪ್ಪಣಿಗಳೆಲ್ಲ ಜರ್ಮನ್. ನನಗೆ ಬರುವ ಜರ್ಮನ್
ಒಬ್ಬ ಪ್ರವಾಸಿ ಬಿಟ್ಟುಹೋದ ‘ಡಾಂಕೆ’ ಒಂದೇ.

ಮೂರನೆಯದನ್ನು ಒಂಬತ್ತು ವರ್ಷದಿಂದ ಯಾರೂ ಮುಟ್ಟಿಲ್ಲ.
ಬರೆದವರ ಹೆಸರಿನ ಜಾಗದಲ್ಲಿ ಬರೀ ಒಂದಕ್ಷರ.
ಬಾಗಿಲಲ್ಲಿ ಉತ್ತರ ಸಿಗದ ಹದಿನಾಲ್ಕು ಪ್ರಶ್ನೆ
ಚಪ್ಪಲಿ ಬಿಡದೆ ಕೂತಿದ್ದವು.
ಇಣುಕಿ, ಮುಚ್ಚಿಬಿಟ್ಟೆ.

ಇನ್ನು ಕಲಿಯುವ ದಾರಿ.
ವಿಡಿಯೋದ ಹುಡುಗ ನಗುನಗುತ್ತ ಒಂದು ದೀಪ ಮಿಣುಕಿಸುತ್ತಾನೆ.
ಕಾಸ್ತ್ರೋದಿಂದ ತರಿಸಿದ ದಪ್ಪ ಪುಸ್ತಕವೂ
ನಾನೂರು ಪುಟ ನಡೆಸಿ ಅದೇ ದೀಪದ ಹತ್ತಿರ ಬಿಟ್ಟಿತು.
ಡೇಟಾಶೀಟು ಸುಳ್ಳು ಹೇಳುವುದಿಲ್ಲ,
ಕಥೆಯನ್ನೂ ಹೇಳುವುದಿಲ್ಲ.
ಫೆರಿಯ ಮುದಿ ಎಲೆಕ್ಟ್ರಿಷಿಯನ್ ಎಲೆಯುತೇರಿಯೊಗೆ
ಏನೇ ಕೇಳಿ, ಮರುಪ್ರಶ್ನೆ ಒಂದೇ:
‘ನಾಲ್ಕು ಪಾಯಿಂಟ್ ಏಳು ಕಿಲೋ ಓಮ್ ಹಾಕಿದೆಯಾ?’
(ಹಾಕಿರಲಿಲ್ಲ. ಮೂರು ವಾರ.)

ಜಿಪುಣಿಯನ್ನೇ ಕಡಲಿಗಿಳಿಸಿದೆ.
ಆಗಸ್ಟಿನ ಒಂದು ಸಂಜೆ ಬೋಯೆ ಹೇಳಿತು:
ಎಂಬತ್ತೈದು ಡಿಗ್ರಿ.
ಲೆಕ್ಕ ಬರೆಯುವ ನೆಲಿದಾ ಬಾರ್ರೀಯಾ
ನಕ್ಕು ನಕ್ಕು ಕನ್ನಡಕ ಒರೆಸಿಕೊಂಡಳು.
‘ಬೆಂದಿವೆ ಕಣೇ. ನಿಂಬೆಹಣ್ಣು ತಾ.’
ಹೊರಗೆ ಕೈ ಅದ್ದಿದರೆ ಮೂಳೆ ನೋಯುವ ನೀರು.

ಮತ್ತೆ ಹತ್ತು. ಹತ್ತೂವರೆ. ಮತ್ತೆ ಎಂಬತ್ತೈದು.
ಬೆಸುಗೆ ಬಿಡಿಸಿ ಬೆಸೆದೆ. ತಂತಿ ಬದಲಿಸಿದೆ.
ಕಡಲಿಗೇ ತಲೆ ಕೆಟ್ಟಿದೆಯೋ ಎಂದೂ ಯೋಚಿಸಿದೆ,
ರಾತ್ರಿ ಎರಡಕ್ಕೆ ಏನು ಬೇಕಾದರೂ ಯೋಚನೆಯೇ.

ಆ ಹೊತ್ತಿನಲ್ಲಿ ಹಾಳುಬಿದ್ದ ಮೂರನೆಯದನ್ನು ತೆರೆದೆ.
ಇನ್ನೂರ ಹನ್ನೆರಡನೇ ಸಾಲಿನ ಕೆಳಗೆ, ಹರಕು ಇಂಗ್ಲಿಷಿನಲ್ಲಿ:

‘ಎಂಬತ್ತೈದು ಅಂದರೆ ನಂಬಬೇಡ.
ಅದು ಈಗಷ್ಟೇ ಎದ್ದಿದೆ, ಇನ್ನೂ ಏನನ್ನೂ ಮುಟ್ಟಿ ನೋಡಿಲ್ಲ.
ಸ್ವಲ್ಪ ತಾಳು. ಇನ್ನೊಮ್ಮೆ ಕೇಳು.
ಇದಕ್ಕೆ ನನ್ನ ಒಂದು ಚಳಿಗಾಲ ಹೋಯಿತು.’

ಡೇಟಾಶೀಟಿನಲ್ಲೂ ಇತ್ತು, ಆಮೇಲೆ ನೋಡಿದೆ.
ಕೋಷ್ಟಕದಡಿ ಇರುವೆಯಷ್ಟು ಅಕ್ಷರದಲ್ಲಿ.
ಚಳಿಗಾಲ ಮಾತ್ರ ಇರಲಿಲ್ಲ.

ಆ ಒಂದು ಸಾಲನ್ನು ಜಿಪುಣಿಯ ಕೈಗೆ ತುರುಕಿದೆ,
ಕೆಳಗೆ ನಮ್ಮ ಸ್ಪ್ಯಾನಿಷಿನಲ್ಲಿ ಟಿಪ್ಪಣಿ ಬರೆದೆ,
ಎಲ್ಲಿಂದ ತಂದೆನೆಂದೂ ಬರೆದೆ.
ಒಲೆಗೆ ಕಟ್ಟಿಗೆ ಹಾಕಿ
ಬಾಗಿಲಲ್ಲಿ ಕೂತ ಹದಿನಾಲ್ಕನ್ನೂ ಒಂದೊಂದಾಗಿ ಓದಿದೆ.
ಹದಿಮೂರು ನನ್ನ ಅಳವಿನವಲ್ಲ.

ಒಂದು, ಆರು ವರ್ಷದ ಹಿಂದಿನದು:
ಎಲ್ಲ ಸರಿಯಿದ್ದರೂ ಸೆನ್ಸರು ಉತ್ತರಿಸುತ್ತಿಲ್ಲ, ಯಾಕೆ?
ಬೆರಳು ಕಾಯಿಸಿಕೊಂಡು ಬರೆದೆ:
ನಾಲ್ಕು ಪಾಯಿಂಟ್ ಏಳು ಕಿಲೋ ಓಮ್ ಹಾಕಿದೆಯಾ?