ಮೀಟರು ತಿರುಗಿಸುವವನಿಗೆ

ಕೂತ್ಕೋ ತಮ್ಮಾ, ಟೀ ಬರ್ತೈತೆ.
ನಿನ್ನ ಲ್ಯಾಪ್‌ಟಾಪು, ವೈರು ಬ್ಯಾಗಿನಾಗೇ ಇರ್ಲಿ.
ಆರು ಲಕ್ಷದ ಎಂಬತ್ತೆರಡು ಸಾವಿರದ ನಾನೂರ ಹದಿನೇಳು.
ಅದನ್ನ ಒಂದೂವರೆಗೆ ಇಳಿಸಿದ್ರೆ
ಗಿರಾಕಿ ಕಣ್ಣು ಮುಚ್ಕೊಂಡು ಎರಡು ಲಕ್ಷ ಎಣಿಸ್ತಾನೆ ಅಂದೆ.
ಎಣಿಸ್ಯಾನು.

ಇದು ಪೇಪರ್ ಗಾಡಿ ಕಣಪ್ಪ, ಕ್ವಾಲಿಸ್ಸು.
ರಾತ್ರಿ ಎರಡೂವರೆಗೆ ದುರ್ಗದ ಬಸ್‌ಸ್ಟ್ಯಾಂಡ್ ಹಿಂದೆ ಬಂಡಲ್ ಬೀಳ್ತಾವೆ,
ಇಂಕು ಇನ್ನೂ ಕೈಗೆ ಹತ್ತೋ ಹಂಗೆ.
ಚಳ್ಳಕೆರೆ, ಹಿರೇಹಳ್ಳಿ, ಹಾನಗಲ್ಲು, ಮೊಳಕಾಲ್ಮೂರು.
ಹೊರಡೋಕೆ ಮುಂಚೆ ಗುಡ್ಡದ ಕಡೆ ನೋಡ್ತೀನಿ:
ಗಾಳಿಯಂತ್ರದ ಕೆಂಪು ದೀಪ
ಒಟ್ಟಿಗೆ ಕಣ್ಣು ಬಿಡ್ತಾವೆ, ಒಟ್ಟಿಗೆ ಮುಚ್ತಾವೆ.
ಹದಿನೈದು ಸಲ ಎಣಿಸೋಗಂಟ
ಇಂಜಿನ್ನು ನಿಂತಲ್ಲೇ ಓಡ್ಲಿ.
ಎಣ್ಣೆ ಮ್ಯಾಲಕ್ಕೆ ಹತ್ತಬೇಕು.
ಎದ್ದ ತಕ್ಷಣ ಯಾರನ್ನೂ ಓಡಿಸಬಾರ್ದು.

"ಬೋರಿನ ನೀರು ಹಾಕ್‌ಬ್ಯಾಡ ಪಾಲಯ್ಯ,
ಹೋಗಿ ನಿನ್ನ ಹಲ್ಲು ನೋಡ್ಕೊ" ಅಂದಿದ್ರು ಜಿಲಾನ್ ಸಾಬ್ರು.
ಸೈಡ್ ಮಿರರ್‌ನಾಗೆ ನೋಡ್ಕೊಂಡೆ. ಕಂದು ಗೆರೆ, ಮೇಲಿಂದ ಕೆಳಗಂಟ.
ಅವತ್ತಿಂದ ರೇಡಿಯೇಟರಿಗೆ ಕ್ಯಾನಿನ ನೀರು.
"ಅದಕ್ಕೆ ಕ್ಯಾನು, ನಮಗೆ ಬೋರು" ಅಂತ
ಓಬಮ್ಮ ಮೂರು ದಿನ ಮಾತು ಬಿಟ್ಲು.
ನಾಲ್ಕನೇ ದಿನ ಎರಡು ಕ್ಯಾನು ತಂದೆ.

ಎಣ್ಣೆ ಐದು ಸಾವಿರಕ್ಕೊಂದು ಸಲ.
ಕಂಪನಿ ಪುಸ್ತಕದಾಗೆ ಹತ್ತು ಅಂತೈತೆ;
ಅದನ್ನ ಬರೆದೋನು ಗಣಿ ಲಾರಿ ಹಿಂದೆ ಹೋದೋನಲ್ಲ.
ಇಳಿಸಿದ ಎಣ್ಣೇನ ಎರಡು ಬೆರಳ ನಡುವೆ ತಿಕ್ಕಿ ನೋಡ್ತೀನಿ,
ಜರಡಿ ಹಿಡಿದೋಳು ಹಿಟ್ಟು ನೋಡೋ ಹಂಗೆ.
ಚುರುಕ್ ಅಂದ್ರೆ ಒಳಗೆ ಏನೋ ತೇಯ್ತಾ ಐತೆ.

ವಾಪಸ್ಸು ಖಾಲಿ ಬರ್ತೀಯಲ್ಲ, ನಾಕು ಚೀಲ ಈರುಳ್ಳಿ ಹಾಕ್ಕೊಂಬಾ
ಅಂದೋರಿಗೆಲ್ಲ ಕೆಟ್ಟೋನಾದೆ.
ಒಂದು ಸಲ ಹಾಕ್ದೆ, ಸುಳ್ಳ್ಯಾಕೆ.
ಹನ್ನೊಂದು ಚೀಲ. ಹಿಂದಿನ ಪಟ್ಟಿ ಮುರೀತು.
ಆರು ತಿಂಗಳು ಊರೂರಿಗೆ
ಈರುಳ್ಳಿ ನಾತದ ಸುದ್ದಿ ಹಂಚಿದೆ.

ಈಗ ಹೇಳು, ಯಾವ ಐದು ಲಕ್ಷ ಅಳಿಸ್ತೀಯ?

ತಗಾ, ಮಗಳ ಲೆಕ್ಕದ ಪುಸ್ತಕ, ಅವಳು ಬಿಟ್ಟ ಹಾಳೇಲಿ ಬರೆದದ್ದು.
ಮೂರು ಲಕ್ಷದ ಹನ್ನೆರಡು ಸಾವಿರ: ಬೆಲ್ಟು, ವಾಟರ್ ಪಂಪು, ಗಂಡು.
ಹೌದು, ಗಂಡು.
ರೇಷ್ಮೆ ಮಗ್ಗದೋರ ಸೊಸೆ, ಹಾನಗಲ್ಲು ದಾಟಿದ್ಮ್ಯಾಲೆ,
ಬಂಡಲ್ ಮ್ಯಾಲೇ ಹೆತ್ತಳು.
ಕೂಸಿನ ಬೆನ್ನಿಗೆ
ಅವತ್ತಿನ ಶೇಂಗಾ ಧಾರಣೆ ಉಲ್ಟಾ ಅಚ್ಚಾಗಿತ್ತು.
ಎಪ್ಪತ್ತು ಪೇಪರ್ ಹಾಳಾದ್ವು.
ಹಿರೇಹಳ್ಳಿ ಕಟಿಂಗ್ ಶಾಪಿನೋನು ಇವತ್ತಿಗೂ ಕೇಳ್ತಾನೆ,
ಅವತ್ತಿಂದು ಎಲ್ಲಿ?

ಐದು ಲಕ್ಷದ ನಲವತ್ತು ಸಾವಿರ.
ಮುಂದೆ ಏನೂ ಬರ್ದಿಲ್ಲ ನೋಡು.
ಜಿಲಾನ್ ಸಾಬ್ರಿಗೆ ಮಣ್ಣು ಕೊಟ್ಟು ಬಂದು
ಎಣ್ಣೆ ನಾನೇ ಬದಲಾಯಿಸ್ದೆ.
ತಳದ ಬೋಲ್ಟು ತಿರುವ್ತಾ ತಿರುವ್ತಾ ಇದ್ದೆ,
"ಬಸ್" ಅನ್ನೋ ದನಿ ಬರ್ಲಿಲ್ಲ.
ಥ್ರೆಡ್ಡು ಕಿತ್ತು ಕೈಗೆ ಬಂತು.

ಈಗ ಬಂಡಲ್ ಹಗುರ.
ಒಂದನೇ ತಾರೀಕಿಂದ ಬೈಕ್ ಸಾಕಂತೆ, ಏಜೆಂಟ್ರು ಹೇಳ್ಯಾರೆ.
ಅದಕ್ಕೇ ಮಾರೋದು, ಗಾಡಿ ಸುಸ್ತಾಗಿ ಅಲ್ಲ.
ಇದ್ದ ನಂಬರಿಗೆ ಎಷ್ಟು ಬರ್ತೈತೋ ಬರ್ಲಿ.
ಪುಸ್ತಕಾನೂ ಕೊಡ್ತೀನಿ.
ಗಂಡು ಅನ್ನೋದು ಯಾವ ಪಾರ್ಟು ಅಂತ
ತಗೊಂಡೋನು ತಲೆ ಕೆರ್ಕೊಳ್ಲಿ.

ಟೀ ಆರ್ತೈತೆ, ಕುಡಿ.
ನೀನು ಓಣಿ ತಿರುಗುವಾಗ್ಲೇ ಕೇಳಿಸ್ತು,
ನಿನ್ನ ಬೈಕಿನ ಚೈನು ಒಣಗೈತೆ.
ಹಿಂಗೆ ತಳ್ಕೊಂಬಾ ಈ ಕಡೆ,
ನಾಕು ಹನಿ ಬಿಡ್ತೀನಿ.