ಚಕ್ಕುಬಂದಿ

ಪೂರ್ವಕ್ಕೆ ಇಪ್ಪತ್ತು ಫೂಟಿನ ರಸ್ತಾ,
ಪಶ್ಚಿಮಕ್ಕೆ ಪಿಂಚಣಿ ಮಾಸ್ತರ ಗುರುಲಿಂಗಪ್ಪನ ಮನಿ,
ಉತ್ತರಕ್ಕೆ ಸಾರ್ವಜನಿಕ ಗಟಾರ,
ದಕ್ಷಿಣಕ್ಕೆ ಖುಲ್ಲಾ ಜಾಗ, ಜಾಲಿಕಂಟಿ.
ನಾಕೂ ದಿಕ್ಕಿನ ನಡುವ
ಎರಡು ಖೋಲಿ, ಒಂದು ಅಡಿಗಿ ಮನಿ,
ಮ್ಯಾಲೊಂದು ಕರೀ ಟಾಕಿ.
ನನ್ನವು.

ಇಪ್ಪತ್ತೆರಡು ವರ್ಷ
ನವನಗರದ ರಜಿಸ್ಟ್ರಿ ಆಫೀಸಿನ ಎದುರು
ತಗಡಿನ ನೆಳ್ಳಾಗ ಕುಂತು
ಮಂದಿ ಮನಿ ಟೈಪ್ ಮಾಡೀನಿ.
ಬರೆಯಿಸಿ ಕೊಟ್ಟವರು, ಬರೆಯಿಸಿ ಕೊಂಡವರು.
ನಡುವ ಬರದಾಕಿಗೆ
ಪುಟಕ್ಕಿಷ್ಟು ಅಂತ ರೊಕ್ಕ, ಒಂದು ಚಾ.
ನನ್ನ ಖರೀದಿ ಪತ್ರ ಬರಿಯೋ ದಿನ
ಸ್ವಂತ ಹೆಸರಿನ ಒತ್ತಕ್ಷರ ಎರಡು ಸಲ ತಪ್ಪಿದೆ.
ಬಾಜೂ ಟೇಬಲ್ಲಿನ ಮೌಲಾಸಾಬ ನಕ್ಕ,
'ಅಕ್ಕಾ, ಉತಾರದಾಗ ಬೋಜಾ ನೋಡೀಯಿಲ್ಲೋ?'
ನೋಡಿದ್ದೆ. ಮೂರು ಸಲ.
ಆ ಮನಿ ಮ್ಯಾಲೆ ಯಾರ ಸಾಲಾನೂ ಇರಲಿಲ್ಲ.
ಮರುದಿನದಿಂದ ನಂದಿತ್ತು.

ಹಳೇ ಊರಿಗೆ ನೀರು ಬಂದ ವರ್ಷ ನಾನು ಒಂಬತ್ತನೇತ್ತ.
ಮಾಲೀಕ ಚೆಕ್ ಕೈಯಾಗ ಹಿಡದು
ಹೊಸ್ತಿಲ ಮುಟ್ಟಿ ಅತ್ತ.
ನಮ್ಮಪ್ಪ ಅವನ ಹೆಗಲ ಮ್ಯಾಲೆ ಕೈಯಿಟ್ಟು ಸಮಾಧಾನ ಮಾಡಿದ.
ನಮ್ಮ ಹೆಸರು ಯಾವ ಯಾದಿಯೊಳಗೂ ಇರಲಿಲ್ಲ.
ಮುಳುಗಿದ್ದು ಅವರ ಮನಿ.
ನಾವು ಬರೇ ಅದರಾಗ ಇದ್ದವರು.

ಲೆಕ್ಕ ಹೇಳತೀನಿ ಕೇಳ್ರಿ.
ಭಿಶಿ ಎತ್ತಿದ್ದು ಎರಡು ಲಕ್ಷ,
ಪಾಟಲಿ ಮಾರಿದ್ದು, ಅವ್ವನ ಬೋರಮಾಳ ಒತ್ತಿ ಇಟ್ಟಿದ್ದು,
ಉಳದದ್ದು ಬ್ಯಾಂಕು.
ತಿಂಗಳ ಕಂತು ಹನ್ನೊಂದು ಸಾವಿರದ ಇನ್ನೂರು.
ಬರೋ ಬಾಡಿಗಿ ಆರೂವರಿ.
ಮೊದಲ ಎರಡು ತಿಂಗಳು ಮನಿ ಖಾಲಿ,
ಮೋಟರು ಸುಟ್ಟಿದ್ದು ಬ್ಯಾರೆ.
ಅಂದರ ನನ್ನ ಮನಿಗೆ
ನಾನೂ ಬಾಡಿಗಿ ಕಟ್ಟತೀನಿ,
ಒಂದು ದಿನಾನೂ ಅದರಾಗ ಮಲಗದ.
ಆಸ್ಪತ್ರಿ ಹತ್ತರದ ಮನಿ, ಕೊಟ್ಟರ ಆರೂವರಿ ಬರತದ;
ನಾನಿರೋದು ಹಳೇ ಊರಾಗ,
ಎರಡೂವರಿ ಸಾವಿರದ್ದು, ಒಂದ ಖೋಲಿ.
ಇದನ್ನ ಶ್ಯಾಣ್ಯಾತನ ಅಂತಾರಂತ,
ಮೌಲಾಸಾಬ ಹೇಳಿದ.

ಮನಿ ಕೇಳಲಿಕ್ಕೆ ನರ್ಸೊಬ್ಬಾಕಿ ಬಂದಳು,
ರಾತ್ರಿಪಾಳಿ ಮುಗಿಸಿ, ಕಣ್ಣು ಕೆಂಪಗ.
'ಹುಲಿಗೆಮ್ಮ' ಅಂದಳು. ಸುಮ್ಮನಾದಳು.
ಹೆಸರಿನ ಮುಂದ ಒಂದು ಖಾಲಿ ಜಾಗ ಬಿಟ್ಟಳು,
ಫಾರ್ಮಿನಾಗ ಬಿಟ್ಟಿರತಾರಲ್ಲ, ಹಂಗ.
ಎಷ್ಟು ಬಾಗಿಲದಾಗ ನಿಂತು ಕಲಿತಿದ್ದಳೋ.
ಆ ಪ್ರಶ್ನೆ ನನ್ನ ನಾಲಗಿ ತುದಿತನಕ ಬಂತು.
ಸುಳ್ಳು ಹೇಳಂಗಿಲ್ಲ, ಬಂತು.
ಜೀವನಾ ಪೂರ್ತಿ ನನ್ನನ್ನ ಕೇಳಿದ್ದ ಮಾತು,
ಎಲ್ಲಿ ಅಡಗಿ ಕುಂತಿತ್ತೋ.
'ದಿನಕ್ಕ ಎಷ್ಟು ಕೊಡ ನೀರು ಬೇಕಾಗತದ?' ಅಂದೆ.
ಆಕಿ ತಡದು ನಕ್ಕಳು.
'ಇಬ್ಬರಿಗೆ ಎಷ್ಟು, ಅಷ್ಟ.'

ಹನ್ನೊಂದು ತಿಂಗಳ ಕರಾರು ನಾನ ಬರದೆ.
ಸಾವಿರ ಸಲ ಹೊಡದ ಸಾಲುಗಳು, ಬಳ್ಳಿಗೆ ಬಾಯಿಪಾಠ.
ಏಳನೇ ಕಲಮು:
ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ಅಳಿಸಿದೆ.
ಆರರ ಮುಂದ ಎಂಟು ಉಳೀತು,
ಯಾರೂ ಎಣಿಸಲಿಲ್ಲ.
ಡಿಪಾಜಿಟ್ಟು ಬ್ಯಾರೆ ಪಾಸ್‌ಬುಕ್ಕಿಗೆ ಹಾಕಿದೆ:
ಅದು ಆಕಿದು, ನನ್ನ ಹತ್ತರ ಬರೇ ಇರತದ,
ನಾವಿದ್ದಂಗ.

ಒಂದನೇ ತಾರೀಖು ಬಾಡಿಗಿಗೆ ಹೋದೆ.
ಹೊಸಾ ಸುಣ್ಣದ ಗೋಡಿ ನಟ್ಟನಡುವ
ಒಂದು ಮೊಳಿ, ಸೊಟ್ಟ,
ಸುತ್ತ ಅಂಗೈಯಷ್ಟು ಪ್ಲಾಸ್ಟರ್ ಕಿತ್ತಿತ್ತು.
ಸಿಟ್ಟು ಬಂತು.
ಖರೇನ ಮಾಲೀಕರ ಸಿಟ್ಟು. ಕಿವಿ ಬಿಸಿ ಆದವು.
ಹುಲಿಗೆಮ್ಮ ರೊಕ್ಕ ಎಣಿಸಿ ಕೊಟ್ಟಳು, ಚಾ ಕೊಟ್ಟಳು.
ಚಾ ಕುಡದೆ. ಮೊಳಿ ನೋಡಿಕೋತ.

ಸಂಜಿಗೆ ಖೋಲಿಗೆ ಬಂದರ
ಮಾಲೀಕ್ತಿ ಬಾಗಿಲದಾಗ ನಿಂತಿದ್ದಳು:
ಮುಂದಿನ ತಿಂಗಳಿಂದ ಮುನ್ನೂರು ಹೆಚ್ಚು.
ಆಗಲಿ ಅಂದೆ.
ಒಳಗ ದೀಪ ಹಚ್ಚಿದೆ.
ಕಿಟಕಿ ಸರಳಿಗೆ ದಾರದಿಂದ ಕಟ್ಟಿದ ಕ್ಯಾಲೆಂಡರು
ಗಾಳಿಗೆ ತಿರುಗಿ ಬೆನ್ನು ತೋರಿಸಿತ್ತು.
ತಿರುಗಿಸಿ, ಒಂದನೇ ತಾರೀಖಿಗೆ ಗೀಟು ಹಾಕಿದೆ.