ಅರ್ಧ ಸ್ವರ ಕೆಳಗೆ

ಅಶೋಕಪುರಂ ವರ್ಕ್‌ಶಾಪಿನ ಹಿಂದಿನ ಬೀದಿ,
ಟೈರ್ ಅಂಗಡಿಯ ಮಾಳಿಗೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ, ಹಳೇ ಕಂಬಳಿ.
ಹತ್ತೊಂಬತ್ತು ವರ್ಷದ ಮೇಲೆ ನಮ್ಮ ರಾಕ್ ಬ್ಯಾಂಡು
ಮತ್ತೆ ಒಂದೇ ಫ್ಯಾನಿನ ಕೆಳಗೆ.
ಫ್ಯಾನ್ ಆಫ್ ಮಾಡಿ, ಮೈಕಿಗೆ ಕೇಳುತ್ತೆ, ಅಂದ ರೆಕಾರ್ಡಿಂಗ್ ಹುಡುಗ.

ಚೆಲುವರಾಜುವಿನ ಗಂಟಲು ಮೇಲಿನ ಸ್ವರ ಮುಟ್ಟಲಿಲ್ಲ.
ಯಾರೂ ಏನೂ ಅನ್ನಲಿಲ್ಲ.
ಇನಾಯತ್ ಸುಮ್ಮನೆ ಗಿಟಾರಿನ ಕಿವಿ ಹಿಂಡಿದ,
ಅರ್ಧ ಸ್ವರ ಕೆಳಕ್ಕೆ.
ನಾನೂ ಬೇಸಿನ ತಂತಿ ಸಡಿಲಿಸಿದೆ,
ಮಂಡಿನೋವಿನವನ ಜತೆ ಮೆಟ್ಟಿಲಿಳಿವವರು
ತಾವೂ ಒಂದೊಂದೇ ಇಳಿಯುವ ಹಾಗೆ.

ಡ್ರಮ್ಮಿನ ಬೆನೆಡಿಕ್ಟ್ ಕಿವಿಯ ಮಿಷನ್ ಬಿಚ್ಚಿ
ಬಿಸ್ಕತ್ತಿನ ತಟ್ಟೆಯಲ್ಲಿಟ್ಟ:
'ಕಾಲಿಗೆ ಕೇಳುತ್ತೆ ಬಿಡ್ರೋ.'

ಆಲ್ಬಮ್ಮಿನ ಐದನೇ ಹಾಡು. ಒಳ್ಳೇ ಟೇಕು.
ಮುಗಿಯುವ ಹೊತ್ತಿಗೆ ಸರಿಯಾಗಿ
ವರ್ಕ್‌ಶಾಪಿನ ಸೈರನ್ ಕೂಗಿತು.
ಮೂವತ್ತು ವರ್ಷ ನಮ್ಮನ್ನು ಪಾಳಿಗೆ ಕರೆದದ್ದು,
ಅದೆಷ್ಟು ಪ್ರಾಕ್ಟೀಸು ಕೆಡಿಸಿದ್ದು.
'ಅಳಿಸಲಾ ಸಾರ್?' ಹುಡುಗ ಕೇಳಿದ.

ಚೆಲುವರಾಜು ಹೆಡ್‌ಫೋನ್ ಒತ್ತಿ ಹಿಡಿದು
ಇನ್ನೊಮ್ಮೆ ಹಾಕಿಸಿದ. ಮತ್ತೊಮ್ಮೆ.
'ಇರಲಿ. ನಾನು ಬಿಟ್ಟ ಸ್ವರ
ಅದು ಎತ್ಕೊಂಡಿದೆ.'

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.
ಅದೂ ಸ್ವಲ್ಪ ಬಂದಿದೆ.